ಓಟಿಪಿ ಯಾರ ಫೋನಿಗೆ

ವೈಂಡಿಂಗ್ ಅಕ್ಕ ತಾಮ್ರದ ತಂತಿ ಸುತ್ತಲು ಕೂತಳೆಂದರೆ ಯಾರೂ ಅವಳನ್ನು ಮಾತಾಡಿಸಬಾರದು. ಸುಟ್ಟ ಮೋಟಾರಿಗೆ ಎಷ್ಟು ಸುತ್ತು ಬೇಕೋ ಅಷ್ಟೇ ಬೀಳಬೇಕು. ನಡುವೆ ಲೆಕ್ಕ ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಬೀದಿಗೆಲ್ಲ ಗೊತ್ತಿದ್ದ ಈ ಕಾನೂನು ಅವಳ ಚಿಕ್ಕಮ್ಮನ ಮಗಳಿಗೆ ಇನ್ನೂ ಒಗ್ಗಿರಲಿಲ್ಲ. ಗಂಡನ ಹೊಡೆತ ತಾಳಲಾರದೆ ಉಟ್ಟ ಬಟ್ಟೆಯಲ್ಲೇ ಬಂದು ಅಂಗಡಿಯ ಮೇಲಿನ ಕೋಣೆ ಸೇರಿದ್ದಳು. ಅವನು ತವರಿಗೆ ಹೋಗಿ ಬಾಗಿಲು ಒದ್ದಿದ್ದ. ಹೆಂಡತಿಗೆ ಹೀಗೊಬ್ಬ ದೊಡ್ಡಮ್ಮನ ಮಗಳಿದ್ದಾಳೆ ಎಂಬುದೇ ಆ ಪುಣ್ಯಾತ್ಮನಿಗೆ ನೆನಪಿರಲಿಲ್ಲ. ಆ ಮರೆವೇ ಇವಳಿಗೆ ಕೋಟೆ.

ತಂಗಿ ಗಣಿತದ ಟೀಚರ್. ಫೋನಿನಲ್ಲೇ ಮಕ್ಕಳಿಗೆ ಪಾಠ ಹೇಳಿಸುವ ಕಂಪನಿಯೊಂದರ ಕೆಲಸದ ಅರ್ಜಿಯಲ್ಲಿ ತನ್ನ ಹೆಸರು, ಹೊಸ ಫೋನು, ಅಂಗಡಿಯ ವಿಳಾಸ ಎಲ್ಲ ತುಂಬಿ ಮೆಟ್ಟಿಲ ಮೇಲೆ ಕೂತಿದ್ದಳು.

"ಅಕ್ಕಾ, ಗುರುತಿನ ನಂಬರ್ ಹಾಕ್ಲೇಬೇಕಂತೆ. ಇಲ್ದಿದ್ರೆ ಮುಂದಕ್ಕೇ ಹೋಗಲ್ಲ."

ಅಕ್ಕ ತುಟಿಯಲ್ಲೇ ಎಣಿಸುತ್ತಿದ್ದಳು.

"ಓಟಿಪಿ ಕಳಿಸ್ತಾರಂತೆ. ಆದ್ರೆ ಇಲ್ಲಿ ತೋರಿಸ್ತಿರೋ ಕೊನೇ ಅಂಕಿಗಳು ನನ್ನ ಫೋನಿಂದಲ್ಲ ಅನ್ಸತ್ತೆ. ಒತ್ಲಾ?"

"ಒತ್ತೇ ಅತ್ಲಾಗೆ! ಪ್ರಾಣ ತಿನ್ಬೇಡ!"

ಒತ್ತಿದಳು. ಓಟಿಪಿ ಬರಲಿಲ್ಲ. ಸುರುಳಿ ಮುಗಿಸಿ ಅಕ್ಕ ದಾರ ಕಟ್ಟಿದಳು; ಆಗಲೂ ಬರಲಿಲ್ಲ.

"ಆ ಗುರುತಿನ ನಂಬರಿಗೆ ಯಾರ ಫೋನ್ ಸೇರಿಸಿದೀಯೆ?"

ತಂಗಿಯ ಮುಖ ಸುಣ್ಣವಾಯಿತು. "ಮದುವೆಯಾದ ಹೊಸದ್ರಲ್ಲಿ ಅವರೇ ಕರ್ಕೊಂಡ್ಹೋಗಿ ಅವರ ಫೋನ್ ಸೇರಿಸಿದ್ರು. ಮನೆಯವರದ್ದೆಲ್ಲ ಒಂದೇ ಕಡೆ ಇರ್ಲಿ ಅಂತ."

"ಎಲ್ಲರ ಜುಟ್ಟೂ ಒಂದೇ ಕೈಲಿರ್ಲಿ ಅಂತ ಅನ್ನು!"

ಅಕ್ಕ ಇಕ್ಕಳವನ್ನು ಮೇಜಿಗೆ ಕುಕ್ಕಿದಳು. ಕೂಡೋದು ಕಳೆಯೋದು ಹೇಳಿಕೊಡುವವಳ ಗುರುತಿನ ನಂಬರ್ ಈ ದರಿದ್ರಗಳಿಗೆ ಯಾಕೆ? ಮೊನ್ನೆ ತಂತಿ ತರಿಸಲು ನಂಬರ್, ನಿನ್ನೆ ಕೆಮ್ಮಿನ ಔಷಧಿಗೆ ನಂಬರ್. ನಾಳೆ ಸೀನಬೇಕಾದರೂ ಕೇಳುತ್ತಾರೆ. ಅವನು ಮೆಸೇಜು ನೋಡಿರಲಿಕ್ಕಿಲ್ಲ ಎಂದು ತಂಗಿಗೆ ಧೈರ್ಯ ಹೇಳಿದಳು. ತನಗೇ ಧೈರ್ಯ ಬರಲಿಲ್ಲ.

ಊಟದ ಹೊತ್ತಿಗೆ ತಂಗಿಯ ಫೋನು ಹೊಡೆದುಕೊಂಡಿತು. ಅಕ್ಕನೇ ಕಸಿದುಕೊಂಡಳು.

"ಅಭಿನಂದನೆಗಳು ಮೇಡಂ!" ಕಂಪನಿಯ ಹುಡುಗಿಯ ದನಿಯಲ್ಲಿ ಜೇನು ಸೋರುತ್ತಿತ್ತು. "ನಿಮ್ಮ ನೋಂದಣಿ ಆಯ್ತು."

"ಓಟಿಪಿ ನಮಗೆ ಬಂದೇ ಇಲ್ವಲ್ಲ?"

"ನಿಮ್ಮ ಯಜಮಾನ್ರಿಗೆ ಬಂದಿತ್ತು. ಮೆಸೇಜಲ್ಲಿದ್ದ ಸಹಾಯವಾಣಿಗೆ ಅವರೇ ಫೋನ್ ಮಾಡಿ ಹೇಳಿದ್ರು. ಹೆಂಡ್ತಿಗೆ ಇದೆಲ್ಲ ಗೊತ್ತಾಗಲ್ಲ, ನಾನೇ ಮುಗಿಸ್ಕೊಡ್ತೀನಿ ಅಂದ್ರು. ತುಂಬಾ ಒಳ್ಳೆಯವರು."

"ಇನ್ನೇನ್ ಕೇಳ್ದ ಆ ಒಳ್ಳೆಯವನು?"

"ವಿಳಾಸ ಸರಿಯಾಗಿದ್ಯಾ, ಒಂದ್ಸಲ ಓದಿ ಅಂದ್ರು. ಓದಿದ್ವಿ."

"ಕಳ್ಳನ ಕೈಗೆ ಬೀಗದಕೈ ಕೊಟ್ಟು ಮನೆ ದಾರೀನೂ ತೋರಿಸಿದ್ರಲ್ಲೇ!"

"ಓಟಿಪಿ ಸರಿಯಿತ್ತು ಮೇಡಂ. ನಮಗೆ ಅದೇ ಪುರಾವೆ."

"ಅಳಿಸು. ಎಲ್ಲಾನೂ ಈಗ್ಲೇ ಅಳಿಸು."

"ಖಂಡಿತ ಮೇಡಂ. ಅಳಿಸೋಕೆ ಒಂದು ಓಟಿಪಿ ಹೋಗತ್ತೆ."

"ಯಾರಿಗೆ?"

ಹುಡುಗಿ ಏನನ್ನೋ ಟಕಟಕ ಒತ್ತಿ ನೋಡಿದಳು. "ಅದೇ ನಂಬರಿಗೆ."

ಅಕ್ಕ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಪೂರ್ತಿ ಕೇಳಿಸಿಕೊಂಡ ಹುಡುಗಿ, ಬೇರೇನಾದರೂ ಸಹಾಯ ಬೇಕೇ ಎಂದಳು.

ಫೋನಿಟ್ಟು ತಿರುಗುವಷ್ಟರಲ್ಲಿ ತಂಗಿ ಚೀಲ ಹಿಡಿದು ಇಳಿದಿದ್ದಳು.

"ಇಲ್ಲೇ ಇರೇ. ಬರ್ಲಿ ಅವನು. ಸುತ್ತಿಗೆ ಇದೆ, ಕೂಗಿದ್ರೆ ಇಡೀ ಬೀದಿ ಬರತ್ತೆ."

"ಎಷ್ಟು ದಿನ ಅಂತ ಬಾಗಿಲು ಕಾಯ್ತೀಯಕ್ಕ? ನಾನು ಹೋಗ್ತೀನಿ."

"ಎಲ್ಲಿಗೆ?"

ತಂಗಿ ಚೀಲದ ದಾರ ಬಿಗಿದಳು. "ನಿಂಗೂ ಹೇಳಲ್ಲ. ಬೇಜಾರು ಮಾಡ್ಕೋಬೇಡ."

ಅಕ್ಕನಿಗೆ ಕೆಂಡ ಮೆಟ್ಟಿದಂತಾಯಿತು. ಅನ್ನ ಹಾಕಿದವಳಿಗೇ ಗುಟ್ಟೇ ಎಂದು ಗದರಲು ಬಾಯಿ ತೆರೆದಳು. ಒತ್ತು ಎಂದು ಗದರಿದ್ದೂ ಇದೇ ಬಾಯಿ.

"ಹೇಳ್ಬೇಡ ಕಣೆ," ಎಂದಳು.

ತಂಗಿ ಎಡಕ್ಕೆ ತಿರುಗಿದಳೋ ಬಲಕ್ಕೋ ತನಗೂ ತಿಳಿಯದಿರಲೆಂದು, ಬೀದಿಗೆ ಬೆನ್ನು ಹಾಕಿ ನಿಂತಳು.