ಅರಳೆಯ ಮೈಮೇಲಿನ ಅರಿಶಿನ

ನವೆಂಬರ್ ತಿಂಗಳ ಬೆಳಗುಗಳಲ್ಲಿ ಸಮುದ್ರದ ಕಡೆಯಿಂದ ಮಂಜು ಬಂದು ಈ ಪರದೇಶದ ನಮ್ಮ ಊರು ಪೊವೇಯ ಗುಡ್ಡದ ಮೇಲೆ ಕೂತುಬಿಡುತ್ತದೆ. ಕುರಿಗಳು ಎಲ್ಲಿ ಮುಗಿದವು, ಮಂಜು ಎಲ್ಲಿ ಶುರುವಾಯಿತು ಎಂದು ಅಡುಗೆಮನೆಯ ಕಿಟಕಿಯಿಂದ ತಿಳಿಯುವುದಿಲ್ಲ. ಕೊರಳ ಗಂಟೆಯ ಸದ್ದು ಮಾತ್ರ ತೇಲಿಬರುತ್ತದೆ. ಹಾಲು ಉಕ್ಕುವವರೆಗೆ ಅದನ್ನೇ ಕೇಳುತ್ತ ನಿಂತಿರುತ್ತೇನೆ.

ಕುರಿ ಸಾಕಲು ಶುರು ಮಾಡಿದ್ದು ಕಾಡ್ಗಿಚ್ಚಿನ ಭಯದಿಂದ. ಬೇಸಿಗೆಯಲ್ಲಿ ಮನೆಯ ಹಿಂದಿನ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಮೇಯಲಿ ಎಂದು ನನ್ನ ಗಂಡ ಇಂದುಧರ ನಾಲ್ಕು ಕುರಿ ತಂದರು. ಹೋದ ಮೇ ತಿಂಗಳಲ್ಲಿ ಒಂದು ಕುರಿ ಅವಳಿ ಮರಿ ಹಾಕಿತು. ದೊಡ್ಡ ಮರಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿಯಿತು. ಸಣ್ಣದನ್ನು ನಮ್ಮ ಮಗಳು ಅಪೇಕ್ಷಾ ಬಾಟಲಿ ಹಿಡಿದು ಬದುಕಿಸಿದಳು. ಹತ್ತಿಯ ಉಂಡೆಯ ಹಾಗಿದ್ದ ಆ ಹೆಣ್ಣುಮರಿಗೆ ಅರಳೆ ಎಂದು ಹೆಸರಿಟ್ಟವಳೂ ಅವಳೇ.

ಅಪೇಕ್ಷಾ ನಮ್ಮೊಡನೆ ಆಡುವುದು ಹೆಚ್ಚಾಗಿ ಇಂಗ್ಲಿಷು. ಕನ್ನಡವೇನಿದ್ದರೂ ಕುರಿಗಳಿಗೆ, ಇಲ್ಲವೆ ನನ್ನಿಂದ ಏನಾದರೂ ಆಗಬೇಕಿದ್ದರೆ ನನಗೆ. “ಪಾಪ, ಅವಕ್ಕೆ ಇಂಗ್ಲಿಷ್ ಬರಲ್ಲಮ್ಮ,” ಎಂದು ನಗುತ್ತಾಳೆ. ಬರುವ ಸೆಪ್ಟೆಂಬರಿಗೆ ಕಾಲೇಜೆಂದು ದೂರ ಉತ್ತರಕ್ಕೆ ಹೋಗುವವಳು.

ದೀಪಾವಳಿ ಕಳೆದ ಮೇಲೆ ಕರಿಬಸಪ್ಪ ಅಂಕಲ್ ಪಕ್ಕದ ಊರು ರಮೋನಾದಿಂದ ತಮ್ಮ ಟಗರನ್ನು ಪಿಕಪ್‌ನಲ್ಲಿ ಕರೆತಂದರು. ಅಂಕಲ್ ಹಾವೇರಿ ಕಡೆಯವರು. ಟೆಲಿಕಾಂ ಕೆಲಸದಿಂದ ರಿಟೈರ್ ಆದ ಮೇಲೆ ಕುರಿ ಕಟ್ಟಿಕೊಂಡವರು. ಮುಂದಿನ ಅಮಾವಾಸ್ಯೆಯವರೆಗೆ ಟಗರು ನಮ್ಮಲ್ಲಿರುವುದೆಂದು ಮಾತಾಗಿತ್ತು.

“ಸೌಜನ್ಯಾ, ಅಳಿಯನ್ನ ಕರ್ಕೊಂಡು ಬಂದೀನಿ ನೋಡವ್ವಾ. ಆರತಿ ತಟ್ಟಿ ಎಲ್ಲೈತಿ?”

“ಅಳಿಯಂದ್ರು ಮೊದ್ಲು ಕಾಲು ತೊಳ್ಕೊಂಡು ಬರ್ಲಿ ಅಂಕಲ್,” ಎಂದೆ.

ಟಗರಿನ ಎದೆಗೆ ಬಣ್ಣ ಬಳಿದಿರಬೇಕು. ಅದು ಯಾವ ಕುರಿಯನ್ನು ಏರಿತೋ ಆ ಕುರಿಯ ಸೊಂಟದ ಮೇಲೆ ಬಣ್ಣ ಹತ್ತುತ್ತದೆ. ಗಬ್ಬವಾಗಿರಬಹುದು ಎಂದು ತಿಳಿಯಲು ಅದೇ ಗುರುತು. ಅಂಕಲ್ ಬಣ್ಣ ಮರೆತು ಬಂದಿದ್ದರು. ನಾನು ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದಿದ್ದ ಅರಿಶಿನದ ಚೀಲ ಬಿಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಟ್ಟೆ. ಹಳದಿ ಎದೆಯ ಟಗರು ಮದುವೆಯ ಗಂಡಿನ ಹಾಗೇ ಕಾಣುತ್ತಿತ್ತು.

ಅರಳೆಯನ್ನೂ ಅದರ ಜೊತೆ ಬಿಡಬೇಕೆಂದು ಅಪೇಕ್ಷಾಳ ಹಟ. ಈಗ ಬಿಟ್ಟರೆ ಐದು ತಿಂಗಳಿಗೆ, ಏಪ್ರಿಲ್‌ನಲ್ಲಿ ಮರಿ, ಅವಳಿನ್ನೂ ಮನೆಯಲ್ಲಿರುತ್ತಾಳೆ. ಮುಂದಿನ ವರ್ಷವೆಂದರೆ ಆ ಏಪ್ರಿಲ್‌ಗೆ ಅವಳು ಇಲ್ಲಿರುವುದಿಲ್ಲ. ಅಂಕಲ್ ಲೆಕ್ಕ ಬೇರೆಯಿತ್ತು: ಬೆಳೆದ ಕುರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಾದರೂ ಬಂದಿರಬೇಕು, ಬೆನ್ನ ಮೇಲೆ ಕೈಯಿಟ್ಟರೆ ಮಾಂಸ ಸಿಗಬೇಕು. ನಾನು ಬ್ಲೌಸ್ ಹೊಲಿಯುವ ಟೇಪನ್ನು ಅರಳೆಯ ಎದೆಗೆ ಸುತ್ತಿ, ಆ ಅಳತೆಯಿಂದ ತೂಕ ಅಂದಾಜು ಮಾಡಿದೆ. ಎಷ್ಟು ಸಡಿಲ ಬಿಟ್ಟು ಹಿಡಿದರೂ ಅದರ ತಾಯಿಯ ತೂಕದ ಅರ್ಧಕ್ಕಿಂತ ಚೂರು ಹೆಚ್ಚಷ್ಟೆ.

“ಅಮ್ಮಾ, ಶಿ ಈಸ್ ರೆಡಿ. ನೋಡು, ಬೇಲಿ ಹತ್ರಾನೇ ನಿಂತಿರ್ತಾಳೆ.”

“ನಿಂತ ಮಾತ್ರಕ್ಕೆ ಆಗೋಗತ್ತಾ ಕಂದ? ತಾನೇ ಇನ್ನೂ ಬೆಳೀಬೇಕು ಅದು. ಹೊಟ್ಟೇಲಿ ಇನ್ನೊಂದನ್ನ ಎಲ್ಲಿಂದ ಬೆಳೆಸತ್ತೆ?”

ಅರಳೆಯನ್ನು ಒಂದು ಮುದಿ ಕುರಿಯ ಜೊತೆ ಬೇಲಿಯ ಈಚೆ ಕಟ್ಟಿದೆ.

ಒಂದು ವಾರ ಕಳೆದಿರಬೇಕು. ಬೆಳಗಿನ ಮಂಜಿನೊಳಗಿಂದ ಅಪೇಕ್ಷಾ ಕೂಗಿದಳು. ಹೋಗಿ ನೋಡಿದರೆ ಅರಳೆಯ ಸೊಂಟದ ಮೇಲೆ ಹಳದಿ. ಮಂಜಿನ ನಡುವೆ ಆ ಬಣ್ಣ ಯಾರೋ ಹಚ್ಚಿಟ್ಟ ದೀಪದಂತೆ ತೋರಿತು. ಟಗರು ಬೇಲಿಯ ಆಚೆ ನಿಂತು ಏನೂ ತಿಳಿಯದವರ ಹಾಗೆ ಮೆಲುಕು ಹಾಕುತ್ತಿತ್ತು.

“ರಾತ್ರಿ ಹಾರಿ ಬಂದು ಹೋಗಿರ್ಬೇಕು,” ಎಂದಳು. “ಈಗ ಆಗೇಹೋಯ್ತಲ್ಲಮ್ಮ. ಇನ್ನು ಜೊತೇಲೇ ಬಿಟ್ಬಿಡೋಣ.”

ಆ ಸಣ್ಣ ಸೊಂಟ, ಏಪ್ರಿಲ್‌ನ ಒಂದು ರಾತ್ರಿ, ಹೊರಗೆ ಬರಲಾರದ ಮರಿ. ಎಲ್ಲ ಕಣ್ಣಮುಂದೆ ಬಂತು. ಒಳಗೆ ಬಂದು ದೋಸೆ ಹುಯ್ಯುವಾಗಲೂ ಕಾವಲಿಯ ಮೇಲೆ ಅದೇ ಕಾಣುತ್ತಿತ್ತು.

ಅಪೇಕ್ಷಾ ದೋಸೆ ಮುರಿಯಲು ಸ್ವೆಟರಿನ ತೋಳಿನೊಳಗಿಂದ ಬೆರಳಷ್ಟೇ ಹೊರಗೆ ತೆಗೆದಳು. ಉಗುರುಗಳ ಅಂಚು ಕೆಂಪಗಿತ್ತು. ಅರಿಶಿನದ ಕೈಯನ್ನು ಸೋಪಿನಿಂದ ಉಜ್ಜಿದರೆ ಹಳದಿ ಹೋಗುವುದಿಲ್ಲ, ಕೆಂಪಾಗುತ್ತದೆ. ಅಡುಗೆ ಮಾಡುವ ಯಾರಿಗಾದರೂ ಗೊತ್ತಿರುವ ಸಂಗತಿ. ಅವಳು ಅಡುಗೆ ಕಲಿತಿರಲಿಲ್ಲ.

ಹಾಗಾದರೆ ಟಗರು ಬೇಲಿ ಹಾರಿಯೇ ಇಲ್ಲ. ಸಿಟ್ಟು ಬರಬೇಕಿತ್ತೇನೋ; ಬರಲಿಲ್ಲ. ಹಿತ್ತಲಿನಿಂದ ಒಂದು ನಿಂಬೆಹಣ್ಣು ಕಿತ್ತು ತಂದು, ಹೆಚ್ಚಿ, ಸಿಂಕಿನ ಬಳಿ ಅವಳ ಕೈ ಹಿಡಿದು ಒಂದೊಂದೇ ಉಗುರನ್ನು ತಿಕ್ಕತೊಡಗಿದೆ. ಕೆಂಪು ಮೆಲ್ಲನೆ ಹಳದಿಗೆ ತಿರುಗಿತು. ಚಿಕ್ಕವಳಿದ್ದಾಗ ಹೀಗೆಯೇ ಬಣ್ಣದ ಕೈ ತೊಳೆಸುತ್ತಿದ್ದೆ.

“ನಿಂಗೆ ಗೊತ್ತಾಯ್ತಾ?” ಎಂದಳು.

“ಹ್ಞೂಂ.”

“ಅವಳ ಮರೀನ ನಾನು ನೋಡ್ಬೇಕಿತ್ತಮ್ಮ. ಅಷ್ಟೇ.”

“ಬಾ,” ಎಂದೆ.

ಮಂಜು ಕರಗತೊಡಗಿತ್ತು. ಮೊದಲು ಅವಳ ಕೈಯನ್ನು ತಾಯಿಕುರಿಯ ಬೆನ್ನ ಮೇಲಿಟ್ಟೆ. ಹಾಸಿಗೆಯ ಹಾಗೆ ದಪ್ಪ, ಎಲುಬು ಬೆರಳಿಗೆ ಸಿಗದು. ಆಮೇಲೆ ಅರಳೆಯ ಬೆನ್ನು. ಉಣ್ಣೆಯೊಳಗೆ ಬೆರಳು ಇಳಿದಂತೆ ಎಲುಬುಗಳು ಪೋಣಿಸಿದ ಮಣಿಗಳ ಹಾಗೆ ಒಂದೊಂದೇ ಸಿಕ್ಕವು. ಅವಳು ಕೈ ತೆಗೆಯಲಿಲ್ಲ. ಅತ್ತಿತ್ತ ಸವರುತ್ತ ಬಹಳ ಹೊತ್ತು ನಿಂತಳು. ಅರಳೆ ಅವಳ ಸ್ವೆಟರಿನ ತೋಳಿನ ತುದಿಯನ್ನು ಬಾಟಲಿಯೆಂಬಂತೆ ಚೀಪುತ್ತಿತ್ತು.

ನಾನು ನೀರಿನ ಬಕೆಟ್ ತುಂಬಿಸಲು ಹೊರಟೆ. ಹಿಂದಿನಿಂದ ಅವಳು ಅರಳೆಗೆ ಹೇಳುವುದು ಕೇಳಿಸಿತು: “ಈ ವರ್ಷ ಬೇಡ ಪುಟ್ಟಿ. ನೀನಿನ್ನೂ ಹಾಲು ಕುಡಿಯೋಳೇ.”

ಅಮಾವಾಸ್ಯೆ ಬಂತು. ಅಂಕಲ್ ಟಗರನ್ನು ಒಯ್ಯಲು ಬಂದರು. ದೊಡ್ಡ ಕುರಿಗಳ ಹಳದಿಯನ್ನು ನೋಡಿ ತಲೆಯಾಡಿಸಿದರು. ಆಮೇಲೆ ಅರಳೆಯ ಕಡೆ ತಿರುಗಿದವರು ಹುಬ್ಬೇರಿಸಿದರು.

“ಇದೇನವ್ವಾ, ನಮ್ಮ ಅಳಿಯ ಬೇಲಿ ಹಾರ್‍ಯಾನೇನು?”

ನಾನು ಬಾಯಿ ತೆರೆಯುವ ಮೊದಲೇ ಅಪೇಕ್ಷಾ ಕನ್ನಡದಲ್ಲಿ ಹೇಳಿದಳು. “ಇಲ್ಲ ಅಂಕಲ್. ಅದು ನಾನು ಹಚ್ಚಿದ್ದು.”

ಅಂಕಲ್ ಅವಳನ್ನು ನೋಡಿದರು, ಅರಳೆಯನ್ನು ನೋಡಿದರು. “ಹಂಗಾದ್ರ ಮರಿ ನಿನ್ನಂಗ ಹುಟ್ಟತೈತಿ ಬಿಡು. ಬರೀ ಇಂಗ್ಲಿಷ್ ಮಾತಾಡತೈತಿ.”

ಅವಳು ನಕ್ಕಳು. ಟಗರನ್ನು ಪಿಕಪ್‌ಗೆ ಹತ್ತಿಸುವಾಗ ಹಗ್ಗ ಹಿಡಿದು ನಿಂತವಳು, ಏನೋ ಎಣಿಸಿಕೊಂಡಂತೆ, “ಅಂಕಲ್, ಮುಂದಿನ ವರ್ಷ ದೀಪಾವಳಿಗೆ ಬೇಡ. ಅದಾದ್ಮೇಲಿನ ಸಂಕ್ರಾಂತಿಗೆ ತನ್ನಿ,” ಎಂದಳು.

“ಯಾಕವ್ವಾ, ಅಳಿಯನಿಗೆ ಎಳ್ಳುಬೆಲ್ಲ ಕೊಡಾಕಿದ್ದೀಯೇನು?”

“ಆಗ ಜೂನ್‌ಗೆ ಅರಳೆ ಮರಿ ಹಾಕ್ತಾಳೆ. ನಂಗೆ ಕಾಲೇಜು ರಜಾ ಇರತ್ತೆ. ಮನೇಲಿರ್ತೀನಿ.”

ನಾನು ಟಗರಿನ ಮೇವಿನ ತೊಟ್ಟಿಯನ್ನು ಪಿಕಪ್ಪಿಗೆ ಎತ್ತಿಡುತ್ತಿದ್ದೆ. ಇಟ್ಟ ಮೇಲೂ ಸ್ವಲ್ಪ ಹೊತ್ತು ಅದರ ಅಂಚು ಹಿಡಿದೇ ನಿಂತೆ.

“ನಿನ್ನ ರಜಾ ನೋಡ್ಕೊಂಡು ನನ್ನ ಟಗರು ಬರಬೇಕಾತು,” ಎಂದು ಗೊಣಗುತ್ತ ಅಂಕಲ್ ಬಾಗಿಲು ಹಾಕಿಕೊಂಡರು. “ಬರ್ತಾನ ತಗೋ.”

ಅರಳೆಯ ಸೊಂಟದ ಮೇಲೆ ಹಳದಿ ಇನ್ನೂ ಇದೆ. ದಿನದಿನಕ್ಕೆ ತಿಳಿಯಾಗುತ್ತಿದೆ. ಮಂಜಿದ್ದ ಬೆಳಗುಗಳಲ್ಲಿ ಕುರಿ ಕಾಣದಿದ್ದರೂ ಅದೊಂದು ಕಾಣುತ್ತದೆ.