ಗೋಡೆಯ ಮೇಲೆ ಕೆಂಪಿ

ಮೊದಲ ಸ್ಕ್ರೂ ಬಿಚ್ಚಿ ಬಂತು, ಎರಡನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಡೋರೀನ್ ಏಣಿಯ ಮೇಲೆ ನಿಂತು, ಕರಿ ಉಡುಪಿನ ತೋಳು ಮೇಲೇರಿಸಿ, ಹಲ್ಲು ಕಚ್ಚಿ ತಿರುಗಿಸುತ್ತಿದ್ದಳು. ಕೆಳಗೆ ಹಾಲ್‌ನಲ್ಲಿ ಅವಳ ಅಪ್ಪ ಎಮಿಲ್ ಹೌಗೆನ್‌ನ ಶವಪೆಟ್ಟಿಗೆ. ಅದರ ಹಿಂದಿನ ಗೋಡೆಯಲ್ಲಿ, ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿ ಹಾಕಿದ ಫೋಟೊ.

"ಯಾರು ಇಷ್ಟು ಬಿಗಿಯಾಗಿ ಹೊಡೆದಿದ್ದು?" ಏಣಿ ಹಿಡಿದಿದ್ದ ಕ್ಲೆಮ್ ಗೊಣಗಿದ. ಅಪ್ಪನ ಜೊತೆ ಕಾಡಿನಲ್ಲಿ ಕೆಲಸ ಮಾಡಿದವರಲ್ಲಿ ಉಳಿದವನು ಅವನೊಬ್ಬನೇ.

"ನಾನೇ. ಸಾವಿನ ದಿನ ತಲೆ ಮೇಲೆ ಬಿದ್ದು ಇನ್ನೊಂದು ಸಾವಾಗಬಾರದು ಅಂತ."

"ಈಗ ಆಗೋದು ಅದೇ. ಲೆಂಪಿ ನೋಡಿದಳೋ, ಮುಗೀತು."

ಕಡಿದ ಮರಗಳನ್ನು ಉಕ್ಕಿನ ಹಗ್ಗ ಕಟ್ಟಿ ಬೆಟ್ಟದ ಮೇಲಕ್ಕೆ ಎಳೆಯುವ ಯಂತ್ರಕ್ಕೆ ಈ ಕಣಿವೆಯಲ್ಲಿ ಯಾರ್ಡರ್ ಅನ್ನುತ್ತಾರೆ. ಅಪ್ಪ ತೆಗೆದ ಫೋಟೊಗಳೆಲ್ಲ ಅವೇ: ತುಕ್ಕು ಹಿಡಿದವು, ಪಾಚಿ ಹೊದ್ದವು, ಕಾಡಿನಲ್ಲಿ ಅನಾಥವಾಗಿ ಬಿದ್ದವು. ಡೋರೀನ್‌ಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಹೂವಿನ ಬಾಟಲಿಯೊಂದು ಪಕ್ಕದಲ್ಲಿದೆ, ಬೆಳಕು ಚೆನ್ನಾಗಿ ಬಿದ್ದಿದೆ ಎಂದಷ್ಟೇ ನೋಡಿ ಇದನ್ನು ಆರಿಸಿದ್ದಳು. ಕ್ಲೆಮ್ ಈಗಷ್ಟೇ ಒಳಗೆ ಬಂದವನು ಟೋಪಿ ತೆಗೆದು, ಗೋಡೆ ನೋಡಿ, ಬಿಳಿಚಿಕೊಂಡಿದ್ದ.

"ಇದು ಕೆಂಪಿ ಕಣಮ್ಮಾ, ನಾವು ಓಡಿಸ್ತಿದ್ದ ಯಾರ್ಡರ್. ಆ ಬೆಸುಗೆ ನೋಡು, ಚೌಕಟ್ಟಿನ ಮೂಲೇಲಿ. ಅದನ್ನ ಹಾಕಿದವನು ನಾನು. ರೀನೊ ಸತ್ತಿದ್ದು ಇದರ ಹಗ್ಗಕ್ಕೆ ಸಿಕ್ಕಿ," ಎಂದಿದ್ದ.

ರೀನೊ ಓಯಾಲ ಲೆಂಪಿಯ ಗಂಡ. ಆ ದಿನ ಕೆಂಪಿಯ ಹಿಡಿಕೆ ಎಮಿಲ್‌ನ ಕೈಯಲ್ಲಿತ್ತು. ಅಂದಿನಿಂದ ಲೆಂಪಿ ಅವನ ಮುಖ ನೋಡಿದವಳಲ್ಲ. ಅವನು ಹೋದ ಮದುವೆಗೆ ಅವಳು ಹೋಗಲಿಲ್ಲ, ಅವನು ಎದುರಾದರೆ ರಸ್ತೆ ದಾಟಿಬಿಡುತ್ತಿದ್ದಳು. ಅಂಥವಳು ಇವತ್ತು ಬೆಳಿಗ್ಗೆ ತಾನೂ ಬರುವುದಾಗಿ ಪಾದ್ರಿಗೆ ಫೋನ್ ಮಾಡಿದ್ದಳು. ಯಾಕೆ ಬರುತ್ತಾಳೆ ಎಂದು ಯಾರಿಗೂ ಗೊತ್ತಿಲ್ಲ. ನಾಲ್ಕು ಜನರ ಮುಂದೆ ಅಪ್ಪನನ್ನು ಶಪಿಸುವುದಕ್ಕೋ ಏನೋ ಎಂದು ಡೋರೀನ್ ಆಗಲೇ ಹೆದರಿದ್ದಳು. ಅದರ ಮೇಲೆ ಈ ಫೋಟೊ.

"ಮೇಜಿನ ಬಟ್ಟೆ ಹೊದಿಸಿಬಿಡ್ಲಾ?"

"ಹೆಣದ ಹಿಂದೆ ಮೇಜಿನ ಬಟ್ಟೆನಾ? ಎಮಿಲ್ ಊಟಕ್ಕೆ ಕೂತ ಹಾಗಿರುತ್ತೆ. ತಿರುಗಿಸು, ತಿರುಗಿಸು."

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

*

ರೀನೊ ಸತ್ತ ದಿನ ಕಣಿವೆಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೇಲಿಯೂ ಕಾಣುತ್ತಿರಲಿಲ್ಲ. ಡೋರೀನ್ ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ಬೆಟ್ಟದ ಮೇಲಿಂದ ಯಂತ್ರದ ಸೀಟಿ ಕೇಳಿಸಿತು, ಉದ್ದಕ್ಕೆ, ಮತ್ತೆ ಮತ್ತೆ. ಏಳು ಉದ್ದ ಸೀಟಿ ಬಂದರೆ ಯಾರಿಗೋ ಏಟಾಗಿದೆ ಎಂದೇ ಲೆಕ್ಕ. ಅಮ್ಮ ಒಲೆ ಆರಿಸಿ ಜಗಲಿಗೆ ಓಡಿದಳು. ಬೀದಿಯುದ್ದಕ್ಕೂ ಹೆಂಗಸರು ಹಿಟ್ಟಿನ ಕೈಯಲ್ಲೇ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ನನ್ನ ಗಂಡ ಅಲ್ಲದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಿದ್ದರು. ಹಾಗೆ ಬೇಡಿಕೊಂಡದ್ದಕ್ಕೆ ಆಮೇಲೆ ಎಲ್ಲರಿಗೂ ನಾಚಿಕೆಯಾಗಿತ್ತು.

ಅಪ್ಪ ಮನೆಗೆ ಬಂದು ಟ್ರಕ್ಕಿನಿಂದ ಇಳಿಯಲೇ ಇಲ್ಲ. ಅಮ್ಮ ಕಿಟಕಿಯ ಗಾಜು ತಟ್ಟಿದಾಗ ಒಂದೇ ಮಾತು ಹೇಳಿದ: "ಎಳೆ ಅನ್ನೋ ಸೀಟಿ ಕೇಳಿಸ್ತು ಕಣೇ. ದೇವರಾಣೆ ಕೇಳಿಸ್ತು."

ಮಂಜಿನಲ್ಲಿ ಕೆಳಗಿನವರು ಕಾಣದೆ, ಸೀಟಿ ನಂಬಿ ಹಗ್ಗ ಎಳೆದಿದ್ದ; ವಿಚಾರಣೆಯಲ್ಲಿ ಅವನ ತಪ್ಪಿಲ್ಲವೆಂದರು. ಅವನು ಮತ್ತೆ ಹಿಡಿಕೆ ಮುಟ್ಟಲಿಲ್ಲ, ಕೌಂಟಿ ಸರ್ಕಾರದ ರಸ್ತೆ ಕೆಲಸಕ್ಕೆ ಸೇರಿಕೊಂಡ. ನಿವೃತ್ತನಾದ ಮೇಲೆ ಕ್ಯಾಮೆರಾ ಹೆಗಲಿಗೆ ಬಂತು. ಡೋರೀನ್ ಒಂದೆರಡು ಸಲ ಜೊತೆಗೆ ಹೋಗಿದ್ದಳು. ಅವನು ಯಂತ್ರದ ಸುತ್ತ ಒಂದು ಸುತ್ತು ಬಂದು, ಹೆಸರಿನ ಫಲಕದ ಪಾಚಿ ಒರೆಸಿ, ಅದಾದ ಮೇಲೇ ಫೋಟೊ ತೆಗೆಯುತ್ತಿದ್ದ. "ಕಬ್ಬಿಣದ ಮೇಲೆ ಇಷ್ಟು ಅಕ್ಕರೆ ಯಾಕಪ್ಪ?" ಎಂದು ಕೇಳಿದರೆ, "ಯಾರಾದ್ರೂ ನೆನಪಿಟ್ಕೋಬೇಕಲ್ಲ" ಎಂದು ಮಾತು ಮುಗಿಸುತ್ತಿದ್ದ. ಮಗಳಿಗೆ ಅದು ಬರೀ ಹುಚ್ಚು ಎನ್ನಿಸುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು.

*

ಲೆಂಪಿ ಓಯಾಲ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಏಲಕ್ಕಿ ಬ್ರೆಡ್ಡು ಹಿಡಿದು ಒಳಗೆ ಬಂದಳು. ಬ್ರೆಡ್ಡನ್ನು ಎದುರಿಗೆ ಸಿಕ್ಕ ಹೆಂಗಸಿನ ಕೈಗಿಟ್ಟು ನೇರ ಶವಪೆಟ್ಟಿಗೆಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ತಲೆ ಎತ್ತಿದಳು, ನಿಂತಳು.

ಕಾಫಿ ಲೋಟಗಳ ಸದ್ದೂ ನಿಂತಿತು. ಡೋರೀನ್ ಏಣಿಯಿಂದ ಇಳಿದಳು.

"ಯಾರು ಹಾಕಿದ್ದು ಇದನ್ನ?"

"ನಾನು. ನಂಗೆ ಗೊತ್ತಿರ್ಲಿಲ್ಲ ಲೆಂಪಿಯಮ್ಮ. ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಈಗಲೇ ತೆಗೀತೀನಿ, ಈ ಸ್ಕ್ರೂ ಒಂದು..."

"ಸುಮ್ನಿರು. ಪಕ್ಕಕ್ಕೆ ಸರಿ."

ಮುದುಕಿ ಕನ್ನಡಕ ಹಾಕಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಯಂತ್ರವನ್ನಲ್ಲ, ಬಾಟಲಿಯನ್ನು ನೋಡುತ್ತಿದ್ದಳು.

"ಈ ಬಾಟ್ಲಿ ನಂದು."

ಕ್ಲೆಮ್ ಏಣಿ ಬಿಟ್ಟು ಹತ್ತಿರ ಬಂದ.

"ಕೆಂಪೀನ ಗುಜರಿಗೆ ಹಾಕಿದ್ರು ಅಂತಿದ್ರಲ್ಲ," ಎಂದ ಕ್ಲೆಮ್.

"ಆ ದಿಣ್ಣೆಯಿಂದ ಅದನ್ನ ಯಾರು ಹೊತ್ಕೊಂಡು ಬರ್ತಾರೆ, ನಿನ್ನಪ್ಪನಾ ಕ್ಲೆಮ್? ಬಿಟ್ಟು ಬಂದ್ರು. ಹಣ್ಣು ಕೀಳೋಕೆ ಹೋದವಳು ನಾನೇ ಕಂಡೆ. ಪ್ರತಿ ಸೆಪ್ಟೆಂಬರ್, ರೀನೊ ಹೋದ ದಿನ, ಹಿತ್ತಲ ಡೇಲಿಯಾ ಇಟ್ಟು ಬರ್ತೀನಿ." ಅವಳ ಬೆರಳು ಗಾಜಿನ ಮೇಲೆ ನಿಂತಿತು. "ಡೇಲಿಯಾ ಸಂಜೆಗೇ ತಲೆ ಬಾಗ್ಸುತ್ತೆ. ಇಲ್ಲಿ ಬಾಗ್ಸಿಲ್ಲ. ಅಂದ್ರೆ ಅದೇ ದಿನ ನಾನು ಆ ಕಡೆ ಇಳಿದಿದ್ದೀನಿ, ಇವನು ಈ ಕಡೆಯಿಂದ ಹತ್ತಿದ್ದಾನೆ."

ಬೆರಳು ಇನ್ನೂ ಕೆಳಗಿಳಿಯಿತು. ಫೋಟೊದ ಅಂಚಿನಲ್ಲಿ ಒಂದು ದಾರಿ, ಎರಡೂ ಕಡೆ ಆಗಷ್ಟೇ ಕಡಿದ ಬ್ಲ್ಯಾಕ್‌ಬೆರಿ ಮುಳ್ಳಿನ ಬುಡಗಳು.

"ಅಲ್ಲಿ ಮುಳ್ಳು ಆಳೆತ್ತರ ಬೆಳೆಯುತ್ತೆ. ಆದ್ರೆ ನಾನು ಹೋಗೋ ಹೊತ್ತಿಗೆ ಯಾವಾಗ್ಲೂ ದಾರಿ ಬೋಳು. ಬೇಟೆಯವರು ಕಡೀತಾರೆ ಅಂದ್ಕೊಂಡಿದ್ದೆ, ಕಡೀತಿದ್ದವನು ಇವನು. ಅವರಿಗೆ ಹರಸ್ತಾನೂ ಇದ್ದೆ!"

ಲೆಂಪಿ ತಿರುಗಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈಯಿಂದ ಪಟ್ಟನೆ ಬಾರಿಸಿದಳು. "ಒಂದು ಮಾತು ಆಡೋಕೆ ಏನಾಗಿತ್ತೋ ನಿಂಗೆ, ಎಮಿಲ್?"

"ನೀನು ಆಡೋಕೆ ಬಿಡ್ತಿದ್ಯಾ ಲೆಂಪಿ?" ಕ್ಲೆಮ್ ಮೆಲ್ಲಗೆ ಕೇಳಿದ. "ಅವನ ನೆರಳು ಕಂಡ್ರೂ ರಸ್ತೆ ದಾಟ್ತಿದ್ದೆ."

"ಹೌದು," ಎಂದಳು ಮುದುಕಿ. "ದಾಟ್ತಿದ್ದೆ. ಇವತ್ತೂ ಬಂದಿದ್ದು ಇವನು ನಿಜವಾಗ್ಲೂ ಸತ್ತಿದ್ದಾನಾ ನೋಡೋಕೇ." ಅವಳು ಪೆಟ್ಟಿಗೆಗೆ ಕೈ ಊರಿದಳು. ಡೋರೀನ್ ಕುರ್ಚಿ ಎಳೆದು ಕೊಟ್ಟಳು. ಅಪ್ಪ ತನಗೂ ಇದನ್ನು ಹೇಳಲಿಲ್ಲವಲ್ಲ ಎಂದು ಅವಳಿಗೆ ನೋವಾಯಿತು. ಫೋಟೊ ಕೆಳಗಿಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

*

ಮಣ್ಣು ಕೊಟ್ಟು ಎಲ್ಲರೂ ಹಾಲ್‌ಗೆ ಮರಳಿದರು. ಕಾಫಿ ಬಗ್ಗಿಸುತ್ತಿದ್ದ ಡೋರೀನ್‌ಗೆ ಲೆಂಪಿಯ ಕುರ್ಚಿ ಖಾಲಿ ಕಂಡಿತು. ಊರುಗೋಲು ಗೋಡೆಗೆ ಒರಗಿಸಿದಂತೆಯೇ ಇತ್ತು. ಪಾದ್ರಿಯ ಕಾರಿನಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ಮುದುಕಿ ಎಲ್ಲಿ ಬಿದ್ದಳೋ ಎಂದು ಗಾಬರಿಯಾಗಿ ಹೊರಗೆ ಓಡಿದಳು.

ಮೂಲೆಯಲ್ಲಿ ಅಪ್ಪನ ಹಳೇ ಟ್ರಕ್ಕು ನಿಂತಿತ್ತು. ಹಿಂಬದಿಯ ಹಲಗೆ ಇಳಿಸಿಕೊಂಡು ಲೆಂಪಿ ಅದರ ಮೇಲೆ ಕೂತಿದ್ದಳು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಟಾರ್ಪಾಲು ಸರಿಸಿದ್ದಳು. ತೊಡೆಯ ಮೇಲೆ ಮುಳ್ಳು ಸವರುವ ಉದ್ದ ಹಿಡಿಯ ಕತ್ತಿ. ಹಿಡಿ ಅಪ್ಪನ ಕೈಯಲ್ಲಿ ಸವೆದು ನುಣ್ಣಗಾಗಿತ್ತು, ಅಲಗಿನ ಮೇಲೆ ಹಳೇ ಸೊನೆ ಕಪ್ಪಾಗಿ ಅಂಟಿತ್ತು.

ಲೆಂಪಿ ಹೆಬ್ಬೆರಳಿಂದ ಅಲಗು ಮುಟ್ಟಿ ನೋಡಿದಳು.

"ಮೊಂಡಾಗಿದೆ," ಎಂದಳು, ತಲೆ ಎತ್ತದೆ. "ಸೆಪ್ಟೆಂಬರ್‌ಗೆ ಬೇಕಾಗುತ್ತೆ. ಅರ ಎಲ್ಲಿಡ್ತಿದ್ದ ನಿಮ್ಮಪ್ಪ?"

ಡೋರೀನ್ ಸೀಟಿನ ಕೆಳಗೆ ತಡಕಾಡಿ ಅರ ತಂದುಕೊಟ್ಟಳು. ಕರಿ ಉಡುಪಿನ ಮುದುಕಿ ಕತ್ತಿಯನ್ನು ಮೊಣಕಾಲ ನಡುವೆ ಬಿಗಿಹಿಡಿದು ಉಜ್ಜತೊಡಗಿದಳು. ಕಬ್ಬಿಣದ ಪುಡಿ ಅವಳ ಮಡಿಲಿಗೆ ಉದುರುತ್ತಿತ್ತು.