ಗೋಣಿಯಾಚೆಯ ಹೂವು

ಮೂಡಿಗೆರೆ ಕಡೆಯ ಕಾಫಿಯವರಿಗೆ ಜಾತಿ ಕೇಳದ ಹಬ್ಬವೊಂದಿದ್ದರೆ ಅದು ಹೂವಿನದು. ಬೇಸಿಗೆಯ ಮೊದಲ ಮಳೆ, ಅಂದರೆ ಹೂಮಳೆ, ಬಿದ್ದು ವಾರ ಕಳೆದರೆ ಗಿಡಗಳೆಲ್ಲ ಹೂವಿನಿಂದ ಬೆಳ್ಳಗಾಗುತ್ತವೆ. ಎರಡು ಮೂರು ದಿನ, ಆಮೇಲೆ ಕಂದು. ಹೂ ಅರಳಿದ ಬೆಳಿಗ್ಗೆ ತೋಟದಲ್ಲಿ ಕೆಲಸ ಮಾಡುವಂತಿಲ್ಲ, ಕೊಂಬೆ ಮುಟ್ಟುವಂತಿಲ್ಲ. ಮದುವೆಯಾದಂದಿನಿಂದ ಪೀರ್ ಪಾಷಾ ಆ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ತನ್ನ ಪುಟ್ಟ ತೋಟ ಸುತ್ತುತ್ತಿದ್ದ. ವರ್ಷವಿಡೀ ಜೀಪುಗಳ ಅಡಿಯಲ್ಲಿ ಮಲಗಿ ಗ್ರೀಸಿನ ವಾಸನೆ ಹೊಡೆಯುವ ಮನುಷ್ಯ ಅಂದು ಮಿಂದು, ಇಸ್ತ್ರಿ ಅಂಗಿ ಹಾಕಿ ಹೊರಡುತ್ತಿದ್ದ. ನಜ್ಮುನ್ನೀಸಾಳಿಗೆ ಆ ಗಂಡನೇ ಬೇಕಿತ್ತು. ಉಳಿದ ದಿನಗಳ ಸಿಡುಕನನ್ನು ಆ ಒಂದು ಬೆಳಿಗ್ಗೆಗಾಗಿ ಸಹಿಸಿಕೊಂಡಿದ್ದಳು ಎಂದರೂ ಸುಳ್ಳಲ್ಲ.

ಈ ವರ್ಷ ಅವನು ಕತ್ತಲಲ್ಲಿ ಕೂತಿದ್ದ. ಅನ್ನನಾಳದ ಗಡ್ಡೆಗೆ ಮಂಗಳೂರಿನಲ್ಲಿ ಬೆಳಕಿನ ಚಿಕಿತ್ಸೆ ಆಗಿತ್ತು. ಮೊದಲು ರಕ್ತಕ್ಕೆ ಔಷಧಿ, ಆಮೇಲೆ ಗಂಟಲಲ್ಲಿ ನಳಿಗೆ ಇಳಿಸಿ ಕೆಂಪು ಬೆಳಕು. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಬೆಳಕು ಬಿದ್ದ ಜಾಗದಲ್ಲಿ ರಕ್ತನಾಳದ ಗೋಡೆ ಸಡಿಲ ಆಗುತ್ತೆ, ನೀರು ಜಿನುಗಿ ಬಾವು ಬರುತ್ತೆ. ಆ ಸಂದಿಯಿಂದಲೇ ದೇಹ ಕಾಯೋ ಬಿಳಿ ಕಣಗಳು ನುಗ್ಗಿ ಗಡ್ಡೆ ಮೇಲೆ ಬೀಳ್ತವೆ. ಊಟ ಇಳಿಯೋಕೆ ದಾರಿ ಆಗುತ್ತೆ. ಕಾಯಿಲೆ ಪೂರ್ತಿ ಹೋಗಲ್ಲ." ಔಷಧಿ ಮೈಯಲ್ಲಿರುವ ತಿಂಗಳು ಹಗಲಿನ ಬೆಳಕು ತಾಗಬಾರದು, ತಾಗಿದರೆ ಮುಖ ಕೈಗಳಲ್ಲೂ ಅದೇ ಬಾವು. ಇನ್ನೊಂದು ಹೂವಿಗೆ ಇವರು ಇರುತ್ತಾರಾ ಎಂದು ನಜ್ಮುನ್ನೀಸಾ ಬಾಗಿಲ ಹೊರಗೆ ಕೇಳಿದಾಗ ಡಾಕ್ಟರಮ್ಮ ಅವಳ ಭುಜ ಮುಟ್ಟಿದರು, ಅಷ್ಟೆ.

ಕಿಟಕಿಗಳಿಗೆಲ್ಲ ಅವಳು ಗೋಣಿ ಬಡಿದಳು. ರಾತ್ರಿ ಹೋಗಿ ನೋಡೋಣವೆಂದರೆ ಆನೆ ಕಾಟ. ಕತ್ತಲಾದ ಮೇಲೆ ಆ ಭಾಗದಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಮೊಬೈಲಲ್ಲಿ ಹಿಡಿದು ತೋರಿಸುತ್ತೇನೆಂದರೆ ಅವನು ರೇಗಿದ. "ಮೊಬೈಲಿಗೆ ಪರಿಮಳ ಇರ್ತದಾ ಮಾರಾಯ್ತಿ?"

ಒಂದು ಬೆಳಿಗ್ಗೆ ಪರಿಮಳ ಗೋಣಿ ತೂರಿ ಬಂತು. ನಜ್ಮುನ್ನೀಸಾ ಹಾಲು ತರಲು ಹೋಗಿದ್ದಳು. ಹೊರಗೆ ಎದುರಿನ ಮರವೂ ಕಾಣದಷ್ಟು ಮಂಜು. ಮಂಜಿನಲ್ಲಿ ಬಿಸಿಲೆಲ್ಲಿಯದು ಎಂದುಕೊಂಡ ಪೀರ್ ಪಾಷಾ ಹೊರಟೇಬಿಟ್ಟ. ಅವಳು ಮರಳಿ ಬಂದು ಹುಡುಕಿದಾಗ ತೋಟದ ನಡುವೆ ನಿಂತಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. ಹೂಮಳೆ ಬಿದ್ದು ಇನ್ನೂ ನಾಲ್ಕೇ ದಿನ, ಸುತ್ತ ಬರೀ ಮೊಗ್ಗು. ಪರಿಮಳ ಬಂದದ್ದು ಬೇಲಿಯಾಚೆಯ ದಿಲೀಪ್ ಅವರ ಎಸ್ಟೇಟಿನಿಂದ. ಅವರು ಮಳೆಗೆ ಕಾಯದೆ ಸ್ಪ್ರಿಂಕ್ಲರಿನಿಂದ ನೀರು ಚಿಮ್ಮಿಸಿ ಮೊದಲೇ ಹೂ ಅರಳಿಸಿದ್ದರು. ಹುಟ್ಟಿದಂದಿನಿಂದ ಕಾಫಿ ನೋಡಿದವನಿಗೆ ಅಷ್ಟೂ ಹೊಳೆದಿರಲಿಲ್ಲ. ಆಸೆ ಹಾಗಿತ್ತು.

"ನಮ್ಮದಲ್ಲ ಕಣೇ ಹೂವು," ಎಂದ, ಮಗುವಿನ ಹಾಗೆ.

ಮಂಜಿನೊಳಗೂ ಬೆಳಕಿರುತ್ತದೆ. ಸಂಜೆಯೊಳಗೆ ಮುಖ ಊದಿ, ಕೈ ಕೆಂಪಗೆ ಉರಿದು, ಎರಡೂ ಕಣ್ಣು ಮುಚ್ಚಿಕೊಂಡವು. ಡಾಕ್ಟರಮ್ಮ ಫೋನಿನಲ್ಲೇ ಗದರಿ, ಮುಲಾಮು ಹೇಳಿ, ಬಾವು ಇಳಿಯುತ್ತದೆ ಎಂದರು. ನಜ್ಮುನ್ನೀಸಾ ಒದ್ದೆ ಬಟ್ಟೆ ಹಾಕುತ್ತ ಗಂಡನನ್ನು ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಅತ್ತಳು.

ಅವನ ಕಣ್ಣು ತೆರೆಯುವ ಮೊದಲೇ ಗಂಡಹೆಂಡಿರ ಸ್ವಂತ ತೋಟ ಹೂಬಿಟ್ಟಿತು.

"ನೀನು ಹೋಗಿ ನೋಡ್ಕಂಡು ಬಾ," ಎಂದ ಪೀರ್ ಪಾಷಾ. "ಯಾರಾದ್ರೂ ಒಬ್ರು ನೋಡ್ಬೇಕಲ್ಲ."

ಅವಳು ಹೋದಳು. ಅಂಥ ಹೂವನ್ನು ಅವಳು ಯಾವ ವರ್ಷವೂ ಕಂಡಿರಲಿಲ್ಲ. ಎಲೆಯೇ ಕಾಣುತ್ತಿರಲಿಲ್ಲ, ಎಲ್ಲೆಲ್ಲೂ ಜೇನು ಮೊರೆಯುತ್ತಿತ್ತು. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ಏನೋ ಹೇಳಹೋದಳು. ಯಾರೂ ಇರಲಿಲ್ಲ. ಮುಂದಿನ ವರ್ಷಗಳೆಲ್ಲ ಹೀಗೇ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಹೂವಿನ ಮೇಲೆ ಸಿಟ್ಟು ಬಂತು. ಒಂದು ತಿಂಗಳು ತಡೆಯಬಾರದಿತ್ತೇ ಈ ದರಿದ್ರ ಗಿಡಗಳು!

ಕೋಣೆಗೆ ಬಂದು, "ಈ ಸಲ ಏನೂ ಇಲ್ಲ ರೀ. ಅಲ್ಲೊಂದು ಇಲ್ಲೊಂದು ಬಿಟ್ಟಿದೆ. ನೋಡಕ್ಕೆ ಬೇಜಾರಾಗ್ತದೆ," ಎಂದಳು.

ಅವನು ತಡಕಾಡಿ ಅವಳ ಸೆರಗು ಹಿಡಿದು ಮೂಗಿಗೆ ಒತ್ತಿಕೊಂಡ. ಊದಿದ ತುಟಿಯಲ್ಲೇ ನಕ್ಕ.

"ಸುಳ್ಳು ಹೇಳಕ್ಕೆ ಬರಲ್ಲ ನಿಂಗೆ."

ಅವಳು ಪಕ್ಕದಲ್ಲಿ ಕೂತಳು. ಕೇಳಬಾರದೆಂದುಕೊಂಡಿದ್ದು ಬಾಯಿಂದ ಬಂದೇಬಿಟ್ಟಿತು. "ಮುಂದಿನ ವರ್ಷ ಇಬ್ರೂ ಹೋಗುವ, ಅಲ್ವಾ?"

ಅವನು ಸೆರಗು ಬಿಡಲಿಲ್ಲ.

"ಹೋಗುವ," ಎಂದ. ಅವಳಷ್ಟು ಚೆನ್ನಾಗಿಯೂ ಅವನಿಗೆ ಸುಳ್ಳು ಹೇಳಲು ಬರಲಿಲ್ಲ.